ನೀಲ್‌ಗಾಯ್ಸ್ ತಂಡದ ಕೊನೆಯ ಪಂದ್ಯ

ದೆಹಲಿ ಪಕ್ಕದ ಗುರುಗ್ರಾಮದ ಒಂದು ಮಾಲ್‌ನ ಆರನೇ ಮಹಡಿಯಲ್ಲಿ ಐದು ವರ್ಷ ಒಂದು ಐಸ್ ಹಾಕಿ ತಂಡ ಇತ್ತು ಎಂದರೆ ಜನ ಮೊದಲು ನಗುತ್ತಾರೆ. ದೆಹಲಿಯ ಸೆಕೆಯಲ್ಲಿ ಐಸ್ ಹಾಕಿಯೇ ಎನ್ನುತ್ತಾರೆ. ಇತ್ತು. ಅದರ ಹೆಸರು ನೀಲ್‌ಗಾಯ್ಸ್. ಅರಾವಳಿಯ ಕುರುಚಲು ಕಾಡಿನಿಂದ ಇಳಿದು ಬಂದು ಗುರುಗ್ರಾಮದ ರಸ್ತೆಗಳಲ್ಲಿ ವಾಹನಗಳನ್ನು ನಿಲ್ಲಿಸುವ ನೀಲ್‌ಗಾಯ್ ಎಂಬ ದೊಡ್ಡ ಪ್ರಾಣಿಯ ಹೆಸರನ್ನು ಮಕ್ಕಳೇ ಆರಿಸಿದ್ದರು. ನಾನು ಆ ತಂಡದ ಕಾರ್ಯದರ್ಶಿಯಾಗಿದ್ದೆ. ನನಗೆ ಸ್ಕೇಟ್ ಕಟ್ಟಿಕೊಂಡು ನಿಲ್ಲಲೂ ಬರುತ್ತಿರಲಿಲ್ಲ. ಕೇಂದ್ರ ಸರ್ಕಾರದ ಇಲಾಖೆಯೊಂದರಲ್ಲಿ ಸೆಕ್ಷನ್ ಆಫೀಸರ್ ಆಗಿದ್ದವನು, ಪತ್ರ ಬರೆಯುವುದು ಗೊತ್ತಿತ್ತು. ಅದಕ್ಕೇ ಆ ಕೆಲಸ ನನ್ನ ಪಾಲಿಗೆ ಬಂತು.

ಶುರುವಾದದ್ದು ೨೦೧೪ರಲ್ಲಿ. ನನ್ನ ಮಗಳು ಧನ್ಯಾಗೆ ಆಗ ಹನ್ನೊಂದು ವರ್ಷ. ಅವಳ ಕ್ಲಾಸಿನ ಹುಡುಗಿಯೊಬ್ಬಳ ಹುಟ್ಟುಹಬ್ಬ ಆ ಮಾಲ್‌ನ ರಿಂಕ್‌ನಲ್ಲಿ, ಅಂದರೆ ಐಸ್ ಸ್ಕೇಟಿಂಗ್ ಅಂಗಳದಲ್ಲಿ ಇತ್ತು. ದೆಹಲಿಯ ಪೀತಮ್‌ಪುರದ ನಮ್ಮ ಮನೆಯಿಂದ ಅಷ್ಟು ದೂರ ಕರೆದುಕೊಂಡು ಹೋದ ಮೇಲೆ ನಾನೂ ಅಲ್ಲೇ ನಿಂತಿದ್ದೆ. ಧನ್ಯಾ ಎರಡು ಹೆಜ್ಜೆಗೊಮ್ಮೆ ಬೀಳುತ್ತಿದ್ದಳು. ನಾನು ಗೋಡೆಯಾಚೆಯಿಂದ, ಕಂಬಿ ಹಿಡ್ಕೋ, ಕಂಬಿ ಬಿಡಬೇಡ ಎಂದು ಕನ್ನಡದಲ್ಲಿ ಕೂಗುತ್ತಿದ್ದೆ. ಪಕ್ಕದಲ್ಲಿ ಸೆಕ್ಯುರಿಟಿ ಸಮವಸ್ತ್ರದಲ್ಲಿ ನಿಂತಿದ್ದ ನರೆತ ಮೀಸೆಯ ಮನುಷ್ಯ ಕನ್ನಡದಲ್ಲೇ ಹೇಳಿದರು, “ಬೀಳಲಿ ಬಿಡಿ ಸಾರ್. ಹೆಲ್ಮೆಟ್ ಇದೆಯಲ್ಲ.”

ಅವರೇ ಪೊನ್ನಣ್ಣನವರು. ಅಮ್ಮತ್ತಿ ಕಡೆಯವರು. ಸೇನೆಯಲ್ಲಿ ಸುಬೇದಾರ್ ಆಗಿ ನಿವೃತ್ತರಾಗಿ, ಆ ಮಾಲ್‌ನಲ್ಲಿ ಸೆಕ್ಯುರಿಟಿ ಸೂಪರ್‌ವೈಸರ್ ಆಗಿದ್ದರು. ಕೊಡಗಿನವರಾದ್ದರಿಂದ ಹಾಕಿ ಚಿಕ್ಕಂದಿನಿಂದಲೇ ಬರುತ್ತಿತ್ತು. ಸೇನೆಯಲ್ಲಿದ್ದಾಗ ಲೇಹ್‌ನಲ್ಲಿ ಕಳೆದ ಮೂರು ಚಳಿಗಾಲಗಳಲ್ಲಿ, ಹೆಪ್ಪುಗಟ್ಟಿದ ಕೊಳದ ಮೇಲೆ ಜವಾನರ ಜೊತೆ ಆಡಿ ಐಸ್ ಹಾಕಿಯನ್ನೂ ಕಲಿತಿದ್ದರು. ಮಾಲ್‌ನವರು ಐಸ್ ಮಾಡಿಟ್ಟುಕೊಂಡು ಬರೀ ಹುಟ್ಟುಹಬ್ಬಕ್ಕೆ ಬಳಸುತ್ತಿದ್ದಾರೆ ಎನ್ನುವುದು ಅವರಿಗೆ ತಡೆಯಲಾಗದ ಸಂಕಟವಾಗಿತ್ತು. ಆ ದಿನ ಧನ್ಯಾಳ ಕೈ ಹಿಡಿಯದೆ, ಬರೀ ಮಾತಿನಲ್ಲೇ, ಅರ್ಧ ಗಂಟೆಯಲ್ಲಿ ರಿಂಕ್ ಸುತ್ತು ಹಾಕಿಸಿದರು.

ಮುಂದಿನ ತಿಂಗಳು ನಾನೊಂದು ಅರ್ಜಿ ಬರೆದುಕೊಟ್ಟೆ. ಶನಿವಾರ ಭಾನುವಾರ ಮಾಲ್ ತೆರೆಯುವ ಮೊದಲು, ಬೆಳಿಗ್ಗೆ ಏಳರಿಂದ ಒಂಬತ್ತು, ರಿಂಕ್ ಮಕ್ಕಳಿಗೆ ಸಿಕ್ಕಿತು. ಪೊನ್ನಣ್ಣನವರೇ ಕೋಚ್. ಮೊದಲು ಬಂದದ್ದು ಆರು ಮಕ್ಕಳು. ಎಲ್ಲರಿಗೂ ಬೇಕಾದ ಸಾಮಾನು ಎಲ್ಲಿ ಸಿಗಬೇಕು? ಗೋಲಿನಲ್ಲಿ ನಿಂತ ಧನ್ಯಾ ಮೊದಲ ವರ್ಷವಿಡೀ ಕ್ರಿಕೆಟ್ ಪ್ಯಾಡ್ ಕಟ್ಟಿಕೊಂಡೇ ಆಡಿದಳು. ರಬ್ಬರಿನ ಆ ಚಪ್ಪಟೆ ಬಿಲ್ಲೆ, ಅದಕ್ಕೆ ಪಕ್ ಎನ್ನುತ್ತಾರೆ, ಬಂದು ಬಡಿದರೆ ಪ್ಯಾಡಿನೊಳಗಿನ ಕಾಲೂ ನೀಲಿಗಟ್ಟುತ್ತಿತ್ತು. ಅವಳ ಅಮ್ಮ ಮೈತ್ರೇಯಿ ಮೊಣಕಾಲಿಗೆ ಎಣ್ಣೆ ಹಚ್ಚುತ್ತಾ ನನ್ನನ್ನು ಬೈಯುತ್ತಿದ್ದಳು. ಧನ್ಯಾಳನ್ನು ಮಾತ್ರ ಬೈಯುತ್ತಿರಲಿಲ್ಲ.

ಜೂನ್ ತಿಂಗಳಲ್ಲಿ ಹೊರಗೆ ನಲವತ್ತನಾಲ್ಕು ಡಿಗ್ರಿ, ಒಳಗೆ ನಾವು ಸ್ವೆಟರ್ ಹಾಕಿಕೊಂಡು ಕೂತಿರುತ್ತಿದ್ದೆವು. ಆಟ ಮುಗಿಸಿ ಪಾರ್ಕಿಂಗ್‌ಗೆ ಇಳಿದರೆ ನನ್ನ ಕನ್ನಡಕದ ಮೇಲೆ ಮಂಜು ಕೂತು ಕಾರು ಎಲ್ಲಿದೆಯೆಂದೇ ಕಾಣುತ್ತಿರಲಿಲ್ಲ. ಆ ದಿನಗಳಷ್ಟು ಸಂತೋಷ ನನಗೆ ಆಮೇಲೆ ಸಿಕ್ಕಿಲ್ಲ.

ಎರಡನೇ ವರ್ಷ ಡೆಹ್ರಾಡೂನ್, ಶಿಮ್ಲಾ ಮತ್ತು ಗುಲ್‌ಮರ್ಗ್‌ನ ಮೂರು ತಂಡಗಳ ಜೊತೆ ಸೇರಿ ಒಂದು ಸಣ್ಣ ಲೀಗ್ ಆಯಿತು. ಹುಡುಗರೂ ಹುಡುಗಿಯರೂ ಒಟ್ಟಿಗೆ ಆಡಬಹುದಾಗಿತ್ತು. ನಮ್ಮ ರಿಂಕ್ ಚಿಕ್ಕದು, ಅಲ್ಲಿ ಗೋಲು ಕಾಯುವ ಗೋಲಿ ಸೇರಿ ಐದೇ ಜನ ಐಸ್ ಮೇಲೆ. ಆ ವರ್ಷ ನಾವು ಎಲ್ಲರ ಹತ್ತಿರವೂ ಸೋತೆವು. ಶಿಮ್ಲಾದವರು ಒಮ್ಮೆ ಹದಿನಾಲ್ಕು ಗೋಲು ಹೊಡೆದರು. ಧನ್ಯಾ ವಾಪಸ್ ಬರುವ ದಾರಿಯಲ್ಲಿ ದೆಹಲಿ ಹತ್ತಿರದ ಸೋನಿಪತ್ ದಾಟುವವರೆಗೂ ಬಾಯಿ ಬಿಡಲಿಲ್ಲ.

ಆಮೇಲೆ ಜಿಗ್ಮೆತ್ ಬಂದ.

ಜಿಗ್ಮೆತ್ ಲಡಾಖಿನ ಹುಡುಗ. ದೆಹಲಿ ವಿಶ್ವವಿದ್ಯಾಲಯದಲ್ಲಿ ಬಿ.ಎ. ಮೊದಲ ವರ್ಷಕ್ಕೆ ಸೇರಿದ್ದ, ಮುಖರ್ಜಿ ನಗರದಲ್ಲಿ ಇಬ್ಬರು ಗೆಳೆಯರ ಜೊತೆ ಕೋಣೆ ಮಾಡಿಕೊಂಡಿದ್ದ. ಎಲ್ಲೋ ನಮ್ಮ ತಂಡದ ಫೋಟೊ ನೋಡಿ, ಮೆಟ್ರೊ ಹತ್ತಿ, ಹೆಗಲಿಗೆ ತನ್ನ ಸ್ಟಿಕ್ ನೇತುಹಾಕಿಕೊಂಡು ಒಂದು ಭಾನುವಾರ ನಿಂತೇಬಿಟ್ಟಿದ್ದ. ಪೊನ್ನಣ್ಣನವರು ಅವನ ಜೊತೆ ಹರುಕು ಮುರುಕು ಲಡಾಖಿಯಲ್ಲಿ ಏನೋ ಮಾತಾಡಿದರು. ಅವನು ನಕ್ಕು ಐಸ್‌ಗೆ ಇಳಿದ. ನಾವೆಲ್ಲ ಕುರ್ಚಿಯಿಂದ ಎದ್ದು ನಿಂತೆವು. ನಮ್ಮ ಮಕ್ಕಳು ಐಸ್ ಮೇಲೆ ಹೆದರುತ್ತಾ ಜಾರುತ್ತಿದ್ದರು, ಇವನು ಮನೆಯಂಗಳದಲ್ಲಿ ಓಡಾಡುವವನ ಹಾಗಿದ್ದ.

ಅವನ ಗೆಳೆಯರಿಬ್ಬರೂ ಸೇರಿಕೊಂಡರು. ಅಂದಿನಿಂದ ಮೂರು ವರ್ಷ, ಶನಿವಾರ ಭಾನುವಾರ ಬೆಳಿಗ್ಗೆ ನನ್ನ ವ್ಯಾಗನ್ಆರ್ ಪೀತಮ್‌ಪುರದಿಂದ ಹೊರಟು ಮುಖರ್ಜಿ ನಗರಕ್ಕೆ ಹೋಗಿ ಮೂವರನ್ನೂ ಹತ್ತಿಸಿಕೊಂಡು ಗುರುಗ್ರಾಮಕ್ಕೆ ಹೋಗುತ್ತಿತ್ತು. ಧನ್ಯಾ ಮುಂದೆ, ಅವರು ಮೂವರು ಹಿಂದೆ, ಸ್ಟಿಕ್‌ಗಳು ಎಲ್ಲರ ತಲೆಯ ನಡುವೆ. ಮೈತ್ರೇಯಿ ಕಟ್ಟಿಕೊಟ್ಟ ಚಿತ್ರಾನ್ನ ಅರ್ಧ ದಾರಿಯ ಧೌಲಾ ಕುವಾಂ ಬರುವ ಮೊದಲೇ ಖಾಲಿಯಾಗುತ್ತಿತ್ತು. ಜಿಗ್ಮೆತ್ ಧನ್ಯಾಗೆ ಗೋಲಿನಲ್ಲಿ ಹೇಗೆ ನಿಲ್ಲಬೇಕು, ಹೊಡೆಯುವವನ ಭುಜ ನೋಡಬೇಕೋ ಕೈ ನೋಡಬೇಕೋ, ಎಲ್ಲ ಕಾರಿನಲ್ಲೇ ಹೇಳಿಕೊಡುತ್ತಿದ್ದ. ತನ್ನೂರಲ್ಲಿ ಡಿಸೆಂಬರ್ ಬಂದರೆ ಐಸ್ ತಾನಾಗಿಯೇ ಬರುತ್ತದೆ, ಇಲ್ಲಿ ಮಾತ್ರ ಅಂಕಲ್ ಅರ್ಜಿ ಹಾಕಬೇಕು ಎಂದು ನನ್ನನ್ನು ರೇಗಿಸುತ್ತಿದ್ದ.

ಐದನೇ ವರ್ಷ, ೨೦೧೯ರ ಮಾರ್ಚ್‌ನಲ್ಲಿ, ಜಿಗ್ಮೆತ್ ಕ್ಯಾಪ್ಟನ್ ಆಗಿದ್ದ ನೀಲ್‌ಗಾಯ್ಸ್ ಲೀಗ್‌ನ ಫೈನಲ್ ತಲುಪಿತು. ಎದುರಾಳಿ ಡೆಹ್ರಾಡೂನ್. ಪಂದ್ಯ ನಮ್ಮ ರಿಂಕ್‌ನಲ್ಲೇ.

ಪಂದ್ಯಕ್ಕೆ ಮೂರು ದಿನ ಇರುವಾಗ ಮಾಲ್‌ನ ಜನರಲ್ ಮ್ಯಾನೇಜರ್ ಪೊನ್ನಣ್ಣನವರನ್ನೂ ನನ್ನನ್ನೂ ಕರೆಸಿದರು. ಟೀ ಕೊಟ್ಟು, ಬಹಳ ಮರ್ಯಾದೆಯಿಂದಲೇ ಮಾತಾಡಿದರು. ಫೈನಲ್‌ಗೆ ಮಾಲಿಕರು ಅತಿಥಿಗಳನ್ನು ಕರೆದಿದ್ದಾರೆ, ಟಿವಿಯವರೂ ಬರುತ್ತಾರೆ. ಮಾಲಿಕರ ಮಗ ಅನೂಪ್ ಪರದೇಶದ ಕಾಲೇಜಿನಿಂದ ರಜೆಗೆ ಬಂದಿದ್ದಾನೆ, ಅಲ್ಲಿ ಸ್ಕೇಟಿಂಗ್ ಕಲಿತಿದ್ದಾನೆ, ಆ ದಿನ ಅವನು ಕ್ಯಾಪ್ಟನ್ ಆಗಿ ಆಡಲಿ ಎಂದರು. ಆಮೇಲೆ ಅವರು ಇನ್ನೊಂದು ಮಾತು ಸೇರಿಸಿದರು. ಗುರುಗ್ರಾಮದ ತಂಡ ಅಂದ ಮೇಲೆ ಕ್ಯಾಮೆರಾದಲ್ಲಿ ಗುರುಗ್ರಾಮದ ಮಕ್ಕಳೇ ಕಾಣಬೇಕಲ್ಲವೇ, ಆ ಮೂವರು ಹೊರಗಿನ ಹುಡುಗರು ಆ ದಿನ ಬೆಂಚಿನ ಮೇಲೆ ಇರಲಿ ಎಂದರು. ಇಷ್ಟು ಮಾಡಿದರೆ ಬೆಳಗಿನ ಸಮಯವನ್ನು ಮುಂದಿನ ಎರಡು ವರ್ಷಕ್ಕೆ ಲಿಖಿತವಾಗಿ ಕೊಡುತ್ತೇವೆ, ಇಲ್ಲದಿದ್ದರೆ ಮಾಲಿಕರ ಮನಸ್ಸು ಹೇಗಿರುತ್ತದೋ ಹೇಳಲಾಗದು ಎಂದೂ ಹೇಳಿದರು.

ಎದುರಿಗೆ ಕೂತಿದ್ದವರಲ್ಲಿ ಒಬ್ಬ ಹಾಸನದವನು, ಒಬ್ಬರು ಕೊಡಗಿನವರು. ನಾವಿಬ್ಬರೂ ಗುರುಗ್ರಾಮದವರಲ್ಲ ಎಂದು ಅವರಿಗೆ ಅನಿಸಲಿಲ್ಲ. ನಾವೂ ಅದನ್ನು ಹೇಳಲಿಲ್ಲ.

ಹೊರಗೆ ಬಂದ ಮೇಲೆ ಪೊನ್ನಣ್ಣನವರು ಎಸ್ಕಲೇಟರ್ ಹತ್ತದೆ ಮೆಟ್ಟಿಲಿಳಿದು ಹೋದರು, ನಾನು ಹಿಂದೆ ಹೋದೆ. ಆಗಲ್ಲ ರಾಘವ ಅವರೇ, ನಾನು ಹೋಗಿ ಆಗಲ್ಲ ಅಂತ ಹೇಳಿಬಿಡ್ತೀನಿ ಎಂದರು. ಅವರು ಹಾಗೆ ಹೇಳಲು ಬಿಟ್ಟಿದ್ದರೆ ಸಾಕಿತ್ತು. ನಾನು ಬಿಡಲಿಲ್ಲ. ಇಪ್ಪತ್ತೆಂಟು ವರ್ಷ ಸರ್ಕಾರಿ ಆಫೀಸಿನಲ್ಲಿ ಇದ್ದವನು. ಮೇಲಿನವರನ್ನು ಎದುರು ಹಾಕಿಕೊಳ್ಳದೆ ಕೆಲಸ ಮಾಡಿಸಿಕೊಳ್ಳುವುದೇ ಜಾಣತನ ಎಂದು ನಂಬಿದ್ದವನು. “ಒಂದು ಪಂದ್ಯ ತಾನೇ ಪೊನ್ನಣ್ಣನವರೇ. ಐಸ್ ಉಳಿದರೆ ಜಿಗ್ಮೆತ್ ಇನ್ನೂ ಎರಡು ವರ್ಷ ಆಡ್ತಾನೆ. ಐಸೇ ಹೋದರೆ ಅವನೂ ಇಲ್ಲ, ನಾವೂ ಇಲ್ಲ,” ಎಂದೆ.

ಅವರು ಮೆಟ್ಟಿಲ ಕಂಬಿ ಹಿಡಿದು ನಿಂತರು. ಕೊನೆಗೆ, ಹಾಗಿದ್ದರೆ ಇವತ್ತೇ ಹುಡುಗರನ್ನು ಕರೆದು ಹೇಳ್ತೀನಿ ಎಂದರು. ಅದಕ್ಕೂ ನಾನೇ ಬೇಡವೆಂದೆ. ಈಗ ಹೇಳಿದರೆ ಮೂವರೂ ಬರುವುದಿಲ್ಲ, ಬೆಂಚಿನಲ್ಲಿ ಆಟಗಾರರು ಸಾಲದಿದ್ದರೆ ಲೀಗ್‌ನವರು ಪಂದ್ಯವನ್ನೇ ಡೆಹ್ರಾಡೂನ್‌ಗೆ ಕೊಟ್ಟುಬಿಡುತ್ತಾರೆ, ಆ ದಿನ ಬೆಳಿಗ್ಗೆ ಡ್ರೆಸ್ಸಿಂಗ್ ರೂಮಿನಲ್ಲಿ ಹೇಳಿದರಾಯಿತು ಎಂದೆ. ಇದು ನನ್ನ ಸಲಹೆ. ನನ್ನದೇ.

ಆ ಭಾನುವಾರ ಬೆಳಿಗ್ಗೆ ಎಂದಿನಂತೆ ಮುಖರ್ಜಿ ನಗರಕ್ಕೆ ಹೋದೆ. ಜಿಗ್ಮೆತ್ ಇಸ್ತ್ರಿ ಮಾಡಿದ ಜೆರ್ಸಿ ಹಾಕಿಕೊಂಡು ಕಾಯುತ್ತಿದ್ದ. ಕಾರಿನಲ್ಲಿ ಕೂರುತ್ತಲೇ ಹೇಳಿದ, ದೆಹಲಿಯ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿರುವ ತನ್ನ ಅಕ್ಕ ಇವತ್ತು ಡ್ಯೂಟಿ ಬದಲಾಯಿಸಿಕೊಂಡು ಮ್ಯಾಚ್ ನೋಡಲು ಬರುತ್ತಿದ್ದಾಳೆ ಎಂದು. ಊರಲ್ಲಿ ಆಡುವಾಗ ಅವಳೇ ತನಗೆ ಸ್ಕೇಟ್ ಕಟ್ಟಿ ಕಲಿಸಿದ್ದಂತೆ. ದೆಹಲಿಗೆ ಬಂದ ಮೇಲೆ ಒಮ್ಮೆಯೂ ಅವಳಿಗೆ ರಜೆ ಸಿಕ್ಕಿರಲಿಲ್ಲವಂತೆ. ಅಚ್ಛಾ, ಒಳ್ಳೇದಾಯ್ತು ಎಂದೆ. ಮುಖರ್ಜಿ ನಗರದಿಂದ ಗುರುಗ್ರಾಮಕ್ಕೆ ಆ ದಿನ ಒಂದು ಗಂಟೆ ಹತ್ತು ನಿಮಿಷ ಹಿಡಿಯಿತು. ಅಷ್ಟು ಹೊತ್ತೂ ನನ್ನ ಬಾಯಲ್ಲಿ ಆ ಮಾತು ಇತ್ತು. ಪ್ರತಿ ಸಿಗ್ನಲ್‌ನಲ್ಲೂ ಈಗ ಹೇಳುತ್ತೇನೆ ಅಂದುಕೊಂಡೆ. ಅವರು ಹಿಂದೆ ಹಾಡುತ್ತಾ ಕೂತಿದ್ದರು. ನಾನು ಹೇಳಲಿಲ್ಲ.

ಡ್ರೆಸ್ಸಿಂಗ್ ರೂಮಿನಲ್ಲಿ ಪೊನ್ನಣ್ಣನವರು ಹೇಳಿದರು. ನಾನು ಬಾಗಿಲ ಹೊರಗೆ ನಿಂತಿದ್ದೆ. ಬಾಗಿಲು ತೆರೆದಾಗ ಜಿಗ್ಮೆತ್ ತನ್ನ ತೋಳಿನಿಂದ ಕ್ಯಾಪ್ಟನ್ ಪಟ್ಟಿ ಬಿಚ್ಚಿ ಅನೂಪ್‌ನ ತೋಳಿಗೆ ತಾನೇ ಕಟ್ಟುತ್ತಿದ್ದ. ಅನೂಪ್ ಕೆಟ್ಟ ಹುಡುಗನಲ್ಲ. ಅವನ ಮುಖ ಕೆಂಪಾಗಿತ್ತು. ತನ್ನ ತಂದೆ ಹೀಗೆ ಕೇಳಿದ್ದಾರೆಂದು ಅವನಿಗೂ ಆಗಲೇ ಗೊತ್ತಾದದ್ದು.

ಗ್ಯಾಲರಿಯ ಮೂರನೇ ಸಾಲಿನಲ್ಲಿ ನೀಲಿ ಶಾಲು ಹೊದ್ದ ಹೆಣ್ಣುಮಗಳೊಬ್ಬಳು ಒಬ್ಬಳೇ ಕೂತಿದ್ದಳು. ಮೊದಲ ಇಪ್ಪತ್ತು ನಿಮಿಷ ಅವಳು ಐಸ್ ಮೇಲೆ ಓಡುವ ಹೆಲ್ಮೆಟ್‌ಗಳಲ್ಲಿ ತಮ್ಮನನ್ನು ಹುಡುಕುತ್ತಿದ್ದಳು. ಆಮೇಲೆ ಬೆಂಚಿನಲ್ಲಿ ಅವನನ್ನು ಕಂಡಳು.

ಧನ್ಯಾ ಆ ದಿನ ಆಡಿದ ಹಾಗೆ ಎಂದೂ ಆಡಿರಲಿಲ್ಲ. ಆದರೂ ಮೂರನೇ ಅವಧಿ ಶುರುವಾದಾಗ ಡೆಹ್ರಾಡೂನ್ ಎರಡು, ನಾವು ಒಂದು. ನಮ್ಮದೊಂದು ಗೋಲು ಅನೂಪ್‌ನದೇ. ಮಾಲಿಕರು ಎದ್ದು ಚಪ್ಪಾಳೆ ತಟ್ಟಿದ್ದರು, ಕ್ಯಾಮೆರಾದವರಿಗೆ ಬೇಕಾದದ್ದು ಸಿಕ್ಕಿತ್ತು. ಎಂಟು ನಿಮಿಷ ಉಳಿದಿದ್ದಾಗ ಪೊನ್ನಣ್ಣನವರು ಅತಿಥಿಗಳ ಕಡೆ ಒಮ್ಮೆ ನೋಡಿ, ಬೆಂಚಿನ ಕಡೆ ತಿರುಗಿ, ಜಿಗ್ಮೆತ್, ಇಳಿ ಎಂದರು. ಅಷ್ಟು ಧೈರ್ಯ ಆ ಮನುಷ್ಯನಿಗೆ ಕೊನೆಗಾದರೂ ಬಂತು.

ಜಿಗ್ಮೆತ್ ತಲೆ ತಗ್ಗಿಸಿ ತನ್ನ ಕಾಲು ತೋರಿಸಿದ. “ಲೇಸ್ ಬಿಚ್ಚಿಬಿಟ್ಟಿದ್ದೀನಿ, ಸಾಬ್,” ಎಂದ. ಅವನ ಗೆಳೆಯರೂ ಬಿಚ್ಚಿದ್ದರು. ಪೊನ್ನಣ್ಣನವರು ಮತ್ತೆ ಕೇಳಲಿಲ್ಲ.

ಮೂರು ಒಂದರಲ್ಲಿ ಸೋತೆವು. ಫೋಟೊ ತೆಗೆಯುವ ಹೊತ್ತಿಗೆ ಆ ಮೂವರು ಇರಲಿಲ್ಲ, ನೀಲಿ ಶಾಲಿನವಳೂ ಇರಲಿಲ್ಲ. ಅವರು ಮೆಟ್ರೊದಲ್ಲಿ ಹೋದರೆಂದು ಲಿಫ್ಟಿನವನು ಹೇಳಿದ.

ವಾಪಸ್ ಬರುವಾಗ ಹಿಂದಿನ ಸೀಟು ಖಾಲಿ. ಧನ್ಯಾಗೆ ಆಗ ಹದಿನಾರು. ಧೌಲಾ ಕುವಾಂ ಹತ್ತಿರ ಕೇಳಿದಳು, “ಪಪ್ಪಾ, ಸಚ್ ಹೇಳಿ. ಬೆಳಿಗ್ಗೆ ಕಾರಲ್ಲಿ ನಿಮಗೆ ಗೊತ್ತಿತ್ತಾ?”

ಇಲ್ಲ ಎಂದೆ.

ಅವಳು ಅಷ್ಟಕ್ಕೆ ಬಿಡಲಿಲ್ಲ. ಮುಂದಿನ ಶನಿವಾರ ಪೊನ್ನಣ್ಣನವರನ್ನೇ ನೇರ ಕೇಳಿದಳು. ನಾನು ಪಕ್ಕದಲ್ಲೇ ನಿಂತಿದ್ದೆ. ಪೊನ್ನಣ್ಣನವರು ನನ್ನ ಕಡೆ ನೋಡಲೂ ಇಲ್ಲ. ಅದು ಪೂರ್ತಿ ನನ್ನ ತೀರ್ಮಾನ, ನಿಮ್ಮ ಪಪ್ಪನಿಗೆ ಏನೂ ತಿಳಿಸಿರಲಿಲ್ಲ ಎಂದರು. ಅಲ್ಲಿಯವರೆಗೂ ಧನ್ಯಾ ಅವರನ್ನು ಕೋಚ್ ಅಂಕಲ್ ಎನ್ನುತ್ತಿದ್ದಳು. ಆ ದಿನದಿಂದ ಸರ್ ಎನ್ನತೊಡಗಿದಳು. ಎರಡು ವಾರದ ಮೇಲೆ ಪರೀಕ್ಷೆಯ ನೆಪ ಹೇಳಿ ಬರುವುದನ್ನೇ ಬಿಟ್ಟಳು. ನಾನು ಆಗಲಾದರೂ ಬಾಯಿ ಬಿಡಬಹುದಿತ್ತು. ಮನೆಯಲ್ಲಿ ಮಗಳ ಮುಂದೆ ಮರ್ಯಾದೆ ಉಳಿಯಿತಲ್ಲ ಎಂದು ಸುಮ್ಮನಿದ್ದೆ.

ಲಿಖಿತ ಒಪ್ಪಿಗೆ ಬಂದಿತ್ತು, ಮೊಹರು ಸಮೇತ. ಆದರೆ ಜುಲೈನಲ್ಲಿ ಮಾಲ್‌ನವರು ರಿಂಕನ್ನೇ ತೆಗೆದು ಅಲ್ಲಿ ಮಕ್ಕಳು ಕುಪ್ಪಳಿಸುವ ಟ್ರ್ಯಾಂಪೊಲಿನ್ ಪಾರ್ಕ್ ಮಾಡುವುದೆಂದು ತೀರ್ಮಾನಿಸಿದರು. ಒಪ್ಪಿಗೆಯಲ್ಲಿ ರಿಂಕ್ ಇರುವವರೆಗೆ ಎಂಬ ಒಂದು ಸಾಲಿತ್ತು. ಕರಡು ತಿದ್ದುವುದೇ ಕೆಲಸವಾಗಿದ್ದ ನನ್ನ ಕಣ್ಣಿಗೆ ಅದು ಬಿದ್ದಿರಲಿಲ್ಲ. ಐಸ್ ಮಾಡುವ ಯಂತ್ರ ನಿಲ್ಲಿಸಿದ ದಿನ ಪೊನ್ನಣ್ಣನವರು ಫೋನ್ ಮಾಡಿ ಕರೆದರು. ಐಸ್ ಕರಗಲು ಎರಡು ದಿನ ಹಿಡಿಯಿತು. ಮೊದಲು ಮೇಲೆ ನೀರು ನಿಂತಿತು, ಆಮೇಲೆ ಬಿಳಿ ಬಣ್ಣ ಹೋಗಿ ಕೆಳಗಿನ ಕಪ್ಪು ಕೊಳವೆಗಳು ಕಂಡವು. ಅವರು ಸಮವಸ್ತ್ರದಲ್ಲೇ ಪ್ಯಾಂಟು ಮಡಚಿ ನಿಂತು, ನೀರು ಕೆಳಗಿನ ಅಂಗಡಿಗಳಿಗೆ ಸೋರದಂತೆ ನೋಡಿಕೊಳ್ಳುತ್ತಿದ್ದರು. ಅದೇ ಅವರ ಡ್ಯೂಟಿಯಾಗಿತ್ತು.

ತಂಡವನ್ನು ಯಾರೂ ಮುಚ್ಚಲಿಲ್ಲ. ಲೀಗ್‌ನವರಿಂದ ಮುಂದಿನ ವರ್ಷದ ಪತ್ರ ಬಂತು, ನಾನು ಉತ್ತರ ಬರೆಯಲಿಲ್ಲ, ಅಷ್ಟೇ.

ಪೊನ್ನಣ್ಣನವರು ೨೦೨೨ರಲ್ಲಿ ತೀರಿಕೊಂಡರು. ಅವರ ಹೆಂಡತಿ ಬೊಳ್ಳಮ್ಮನವರು ಫೋನ್ ಮಾಡಿ ತಿಳಿಸುವ ಹೊತ್ತಿಗೆ ಅಮ್ಮತ್ತಿಯಲ್ಲಿ ಎಲ್ಲ ಮುಗಿದಿತ್ತು. ಧನ್ಯಾಗೆ ಹೇಳಿದಾಗ ಅವಳು ಹೂಂ ಎಂದಳು. ಆಗಲೂ ನಾನು ಸುಮ್ಮನಿದ್ದೆ.

ಹೋದ ವರ್ಷ ನಾನು ನಿವೃತ್ತನಾದೆ. ಮೈತ್ರೇಯಿಯ ತಮ್ಮನ ಮಗ ಸುಹಾಸ್ ಸಿವಿಲ್ ಸರ್ವಿಸ್ ಪರೀಕ್ಷೆಗೆ ಓದಲು ನಮ್ಮ ಮನೆಯಲ್ಲಿದ್ದುಕೊಂಡು ಕರೋಲ್ ಬಾಗ್‌ನ ಕೋಚಿಂಗ್ ಸೆಂಟರ್ ಒಂದಕ್ಕೆ ಹೋಗುತ್ತಾನೆ. ಒಂದು ದಿನ ಊಟಕ್ಕೆ ಕೂತಾಗ ಭೂಗೋಳ ಕಲಿಸುವ ಜಿಗ್ಮೆತ್ ಸರ್ ಬಗ್ಗೆ ಹೇಳಿದ. ಹಿಮನದಿ ಹೇಗೆ ಜಾರುತ್ತದೆಂದು ಹೇಳಲು ಅವರು ಕ್ಲಾಸಿನಲ್ಲಿ ಐಸ್ ಹಾಕಿಯ ಉದಾಹರಣೆ ಕೊಡುತ್ತಾರಂತೆ. ಅವರು ಲಡಾಖಿನವರಾ ಎಂದು ಕೇಳಿದೆ, ಹೌದು ಎಂದ.

ಹೋಗಲು ಮತ್ತೆ ಒಂದು ತಿಂಗಳು ತೆಗೆದುಕೊಂಡೆ. ಒಂದು ಮಧ್ಯಾಹ್ನ ಕರೋಲ್ ಬಾಗ್ ಮೆಟ್ರೊದಲ್ಲಿಳಿದು, ಸೈಕಲ್ ರಿಕ್ಷಾಗಳ ನಡುವೆ ದಾರಿ ಮಾಡಿಕೊಂಡು, ಆ ಕಟ್ಟಡದ ಮೆಟ್ಟಿಲು ಹತ್ತಿದೆ. ಅವನು ನನ್ನನ್ನು ಕಂಡ ತಕ್ಷಣ ಗುರುತಿಸಿದ. ಸ್ವಲ್ಪ ದಪ್ಪಗಾಗಿದ್ದ, ಕನ್ನಡಕ ಬಂದಿತ್ತು. ಕೆಳಗೆ ಟೀ ಅಂಗಡಿಯ ಬೆಂಚಿನ ಮೇಲೆ ಕೂರಿಸಿ, ಭಯ್ಯಾ, ಎರಡು ಚಾಯ್ ಎಂದ.

ನಾನು ಎಲ್ಲವನ್ನೂ ಹೇಳಿದೆ. ಒಪ್ಪಿಕೊಳ್ಳೋಣ ಎಂದದ್ದು ನಾನು. ಮೊದಲೇ ಹೇಳಬೇಡಿ ಎಂದದ್ದೂ ನಾನು. ಕಾರಿನಲ್ಲಿ ಅಷ್ಟು ಹೊತ್ತು ತಿಳಿದೂ ಸುಮ್ಮನಿದ್ದೆ. ಹಿಂದಿಯಲ್ಲಿ ಹೇಳುತ್ತಾ ಹೇಳುತ್ತಾ ನಡುವೆ ಎರಡು ಸಲ ಕನ್ನಡಕ್ಕೆ ಜಾರಿದೆ. ಅವನು ತಡೆಯದೆ ಕೇಳಿದ.

ಆಮೇಲೆ ಅವನು ಹೇಳಿದ್ದು ನನಗೆ ಗೊತ್ತಿಲ್ಲದ ವಿಷಯ. ರಿಂಕ್ ಹೋದ ಮೇಲೆ, ೨೦೨೦ರ ಜನವರಿಯಲ್ಲಿ, ದಟ್ಟ ಮಂಜಿನ ಒಂದು ಬೆಳಿಗ್ಗೆ ಪೊನ್ನಣ್ಣನವರು ಅವನ ಕೋಣೆ ಹುಡುಕಿಕೊಂಡು ಮುಖರ್ಜಿ ನಗರಕ್ಕೆ ಬಂದಿದ್ದರಂತೆ. ಅವನು ಮನೆ ಬದಲಾಯಿಸಿದ್ದ. ಮೂರು ಕಡೆ ಬಾಗಿಲು ತಟ್ಟಿ ಕೇಳಿ ಬಂದರಂತೆ. ಕೂರಲೂ ಇಲ್ಲ, ನಿಂತುಕೊಂಡೇ ತಪ್ಪು ನನ್ನದು ಎಂದರಂತೆ. ಜಿಗ್ಮೆತ್‌ನ ಅಕ್ಕ ಎಲ್ಲಿದ್ದಾಳೆಂದು ಕೇಳಿ, ಆಸ್ಪತ್ರೆಗೂ ಹೋಗಿ, ಅವಳ ಡ್ಯೂಟಿ ಮುಗಿಯುವವರೆಗೆ ಹೊರಗೆ ಕಾದು, ಅವಳಿಗೂ ಹೇಳಿ ಹೋದರಂತೆ.

“ನಿಮ್ಮ ಹೆಸರು ಎತ್ತಲೇ ಇಲ್ಲ ಅಂಕಲ್. ನಾನೇ ಕೇಳಿದೆ. ರಾಘವ ಅವರು ಒಳ್ಳೆಯ ಮನುಷ್ಯ ಅಂದರು,” ಎಂದ.

ಟೀ ಆರಿಹೋಗಿತ್ತು. ನನ್ನನ್ನು ಕ್ಷಮಿಸು ಎಂದು ಕೇಳಲು ಬಂದವನಿಗೆ ಆ ಪದ ಬಾಯಿಗೆ ಬರಲಿಲ್ಲ. ಅವನೇ ಸಿಟ್ಟಿಲ್ಲದೆ ಮಾತಾಡಿದ. “ನೀವು ಕಾರಿನಲ್ಲಿ ಹೇಳಿದ್ದರೂ ನಾನು ಬರುತ್ತಿದ್ದೆ. ಐಸ್ ಉಳಿಯುತ್ತೆ ಅಂದಿದ್ದರೆ ಬೆಂಚಿನಲ್ಲಿ ಕೂರುತ್ತಲೂ ಇದ್ದೆ. ಅಕ್ಕನಿಗೆ ಫೋನ್ ಮಾಡಿ ಇವತ್ತು ಬರಬೇಡ ಅನ್ನುತ್ತಿದ್ದೆ, ಅಷ್ಟೇ.”

ಕ್ಲಾಸಿಗೆ ಹೊತ್ತಾಯಿತೆಂದು ಅವನು ಎದ್ದ. ಧನ್ಯಾ ಇನ್ನೂ ಆಡುತ್ತಾಳಾ ಎಂದು ಕೇಳಿದ. ಇಲ್ಲ, ಬೆಂಗಳೂರಿನಲ್ಲಿ ಕಾನೂನು ಓದುತ್ತಿದ್ದಾಳೆ ಎಂದೆ. ಒಳ್ಳೆಯ ಗೋಲಿ ಆಗಿದ್ದಳು ಎಂದ. ತನ್ನ ನಂಬರನ್ನು ನನ್ನ ಫೋನಿನಲ್ಲಿ ಅವನೇ ಬರೆದುಕೊಟ್ಟು, ಎರಡೆರಡು ಮೆಟ್ಟಿಲು ಹಾರುತ್ತಾ ಮೇಲೆ ಹೋದ.

ನಾನು ಅಲ್ಲೇ ಕೂತು ಧನ್ಯಾಗೆ ಫೋನ್ ಮಾಡಿದೆ. ಆರು ವರ್ಷದ ಹಿಂದೆ ಧೌಲಾ ಕುವಾಂ ಹತ್ತಿರ ನೀನು ಕೇಳಿದ್ದೆಯಲ್ಲ, ನಾನು ಹೇಳಿದ್ದು ಸುಳ್ಳು ಎಂದು ಶುರು ಮಾಡಿ, ಒಂದೂ ಬಿಡದೆ ಹೇಳಿದೆ. ರಸ್ತೆಯಲ್ಲಿ ರಿಕ್ಷಾದವರು ಗಂಟೆ ಬಾರಿಸುತ್ತಾ ಜಗಳವಾಡುತ್ತಿದ್ದರು. ಫೋನ್ ಕಟ್ಟಾಯಿತೇನೋ ಎಂದು ನೋಡಿದೆ, ಕಟ್ಟಾಗಿರಲಿಲ್ಲ.

“ಪೊನ್ನಣ್ಣ ಅಂಕಲ್ ಜೊತೆ ನಾನು ಕೊನೇವರೆಗೂ ಸರಿಯಾಗಿ ಮಾತಾಡಲೇ ಇಲ್ಲ,” ಎಂದಳು.

ಹೌದು ಎಂದೆ.

ಬೊಳ್ಳಮ್ಮ ಆಂಟಿಯ ನಂಬರ್ ಇದೆಯಾ ಎಂದು ಕೇಳಿದಳು. ಇದೆ ಎಂದು ಓದಿ ಹೇಳಿದೆ. ಒಂದೊಂದೇ ಅಂಕಿ ಬರೆದುಕೊಂಡಳು, ಮತ್ತೊಮ್ಮೆ ಹೇಳಿಸಿ ಸರಿ ನೋಡಿಕೊಂಡಳು. ನನಗೆ ಬೇರೆ ಏನೂ ಹೇಳದೆ ಫೋನ್ ಇಟ್ಟಳು.